ಕೆಂಪುಕೋಟೆಯ ಮುದುಕ, ಬೀಜಿಂಗಿನ ಮಗು

ಮೂರು ವರ್ಷವೂ ತುಂಬದ ಮಗುವನ್ನು ಎತ್ತಿಕೊಂಡು ಬಂದು ಭಾರಿ ಸಿಂಹಾಸನದ ಮೇಲೆ ಕೂರಿಸಿದರು. 1908ರ ಡಿಸೆಂಬರ್ 2, ಬೀಜಿಂಗಿನ ಕೊರೆಯುವ ಚಳಿ. ಎದುರಿಗೆ ಸಾಲುಸಾಲಾಗಿ ಅಡ್ಡಬೀಳುವ ಮಂತ್ರಿಗಳು, ಸೇನಾಪತಿಗಳು. ಮಗು ಮನೆಗೆ ಹೋಗಬೇಕೆಂದು ರಚ್ಚೆ ಹಿಡಿಯಿತು. ಪಕ್ಕದಲ್ಲಿ ಮೊಣಕಾಲೂರಿ ಹಿಡಿದುಕೊಂಡಿದ್ದ ತಂದೆ, ಇನ್ನೇನು ಮುಗಿದೇಹೋಯಿತು, ಸುಮ್ಮನಿರು ಎಂದು ಸಮಾಧಾನ ಮಾಡಿದ. ಪಟ್ಟ ಕಟ್ಟುವ ಹೊತ್ತಿನಲ್ಲಿ ಇಂಥ ಮಾತು ಬರಬಾರದಿತ್ತು, ಅಪಶಕುನ, ಎಂದು ಆಸ್ಥಾನದವರು ಆಮೇಲೆ ಪಿಸುಗುಟ್ಟಿದರು. 1912ರ ಫೆಬ್ರುವರಿ 12ರಂದು ಅದೇ ಮಗುವಿನ ಹೆಸರಿನಲ್ಲಿ ಪಟ್ಟ ಬಿಟ್ಟುಕೊಟ್ಟ ಫರ್ಮಾನು ಹೊರಬಿತ್ತು. ಚೀನಾದ ಕೊನೆಯ ಚಕ್ರವರ್ತಿ ಪೂಯಿಯ ಆಳ್ವಿಕೆ ಅಷ್ಟೇ.

ಇಟಲಿಯ ಬರ್ನಾರ್ಡೊ ಬರ್ತೊಲುಚ್ಚಿ ಈ ಬದುಕನ್ನು 1987ರಲ್ಲಿ 'ದಿ ಲಾಸ್ಟ್ ಎಂಪರರ್' ಎಂದು ತೆರೆಗೆ ತಂದರು. ಮರುವರ್ಷದ ಆಸ್ಕರ್ ಪಟ್ಟಿಯಲ್ಲಿ ಒಂಬತ್ತು ವಿಭಾಗಗಳಲ್ಲಿ ಅದರ ಹೆಸರಿತ್ತು, ಒಂಬತ್ತೂ ಅದಕ್ಕೇ ಬಂದವು. ದೆಹಲಿಯ ಮಯೂರ ವಿಹಾರದ ಕನ್ನಡದ ಮನೆಯೊಂದರಲ್ಲಿ ನಾವು ಕೆಲವರು ಸೇರಿ ಈಚೆಗೆ ಅದನ್ನು ನೋಡಿದೆವು. ಎರಡೂಮುಕ್ಕಾಲು ಗಂಟೆಯ ಸಿನಿಮಾ. ಅದರ ಮೇಲಿನ ಮಾತು ಅದಕ್ಕಿಂತ ಉದ್ದವಾಯಿತು. ಇಂದು ಬರೆಯಲು ಕೂತದ್ದು ಆ ಮಾತಿಗಾಗಿ.

ಮನೆಯ ಯಜಮಾನರು ಕೇಂದ್ರ ಸರ್ಕಾರದ ಕೆಲಸದಿಂದ ನಿವೃತ್ತರಾದವರು. ಅವರ ಬೆರಗೆಲ್ಲ ಅರಮನೆಯ ಮೇಲೆ. ನಿಷೇಧಿತ ನಗರಿಯೊಳಗೆ ಹೊರದೇಶದ ಕಥಾಚಿತ್ರವೊಂದಕ್ಕೆ ಹೀಗೆ ಬಾಗಿಲು ತೆರೆದದ್ದು ಅದೇ ಮೊದಲು; ಎಲ್ಲ ದೃಶ್ಯಗಳಿಗೂ ಸೇರಿ ಸುಮಾರು 19,000 ಮಂದಿ ಎಕ್ಸ್‌ಟ್ರಾಗಳು. ಹಳದಿ ಪರದೆಯೊಂದು ಗಾಳಿಗೆ ಉಬ್ಬುತ್ತದೆ, ಮಗು ಅದನ್ನು ಸರಿಸಿಕೊಂಡು ಹೊರಗೆ ಬರುತ್ತದೆ, ಅಂಗಳದ ತುಂಬ ಬಾಗಿದ ಬೆನ್ನುಗಳು. ಇದನ್ನು ಸೆಟ್ ಹಾಕಿ ತೆಗೆಯಲಾಗುತ್ತಿತ್ತೇ ಎಂದು ಅವರು ಕೇಳುತ್ತಲೇ ಇದ್ದರು.

ನೋಯ್ಡಾದಿಂದ ಬಂದಿದ್ದ ಅವರ ಸೊಸೆಗೆ ಇದೊಂದೂ ಹಿಡಿಸಲಿಲ್ಲ. "ಮಾವ, ಇಡೀ ಸಿನಿಮಾದಲ್ಲಿ ಆತ ಮಾಡಿದ್ದಾದರೂ ಏನು ಹೇಳಿ? ಕೂರು ಅಂದಾಗ ಕೂತ, ಏಳು ಅಂದಾಗ ಎದ್ದ" ಎಂದಳು. ಇಂಥ ದೂರು ಆ ಚಿತ್ರದ ಮೇಲೆ ಮೊದಲಿನಿಂದಲೂ ಇದೆ. ನಾಯಕ ಏನೂ ಮಾಡುವುದಿಲ್ಲ, ಚಿತ್ರ ತಣ್ಣಗಿದೆ, ಚೆಂದ ಹೆಚ್ಚಾಗಿ ಬಿಸಿ ಕಡಿಮೆಯಾಗಿದೆ ಎಂದು. ಆದರೆ ಆಕೆ ತಪ್ಪೆಂದು ತೋರಿಸಿದ್ದೇ ಆ ಕಥೆಯ ತಿರುಳು ಎಂದು ನನಗನ್ನಿಸುತ್ತದೆ. ಪಟ್ಟ ಹೋದ ಮೇಲೂ ಅರಮನೆಯಲ್ಲೇ ಉಳಿದ ಪೂಯಿಗೆ ಅದರೊಳಗೆ ಸಾಗುತ್ತಿದ್ದ ಅಧಿಕಾರವೆಂದರೆ ಹೊಸ್ತಿಲುಗಳ ಮೇಲಿನದು. ಸೈಕಲ್ ತುಳಿಯಲು ಅಡ್ಡಿಯಾಗುತ್ತವೆಂದು ಆತ ಅವುಗಳನ್ನು ಕೊಯ್ದು ತೆಗೆಸಿದ. ಹಿಂದಿನ ಎಷ್ಟೋ ಚಕ್ರವರ್ತಿಗಳು ಕಾಲೆತ್ತಿ ದಾಟಿದ್ದ ಹೊಸ್ತಿಲುಗಳು. ಅವು ಹೋದ ಮೇಲೂ ಹೊರಗಿನ ಹೆಬ್ಬಾಗಿಲು ಆತನಿಗೆ ಮುಚ್ಚಿಯೇ ಇತ್ತು. 1924ರ ನವೆಂಬರಿನಲ್ಲಿ ಅದು ತೆರೆಯಿತು. ತೆರೆಸಿದವರು ಸೈನಿಕರು, ಹೊರಡಲು ಕೊಟ್ಟದ್ದು ಕೆಲವೇ ಗಂಟೆ.

ಧಾರವಾಡದ ಕಡೆಯ ಹುಡುಗನೊಬ್ಬ ಇದ್ದ, ಜೆಎನ್‌ಯುನಲ್ಲಿ ಚೀನೀ ಭಾಷೆ ಓದುತ್ತಾನೆ. ಆತ ಕೆರಳಿದ್ದು ಬೇರೆಯದೇ ಕಾರಣಕ್ಕೆ. "ಅಲ್ರೀ ಸರ, ಆತ ಅತ್ತದ್ದು ಮೂರು ತಾಸು ನೋಡಿದ್ವಿ. ಆತನ ಹೆಸರಿನಾಗ ಸತ್ತವರನ್ನ ಎಷ್ಟೊತ್ತು ನೋಡಿದ್ವಿ?" ಎಂದ. ಮಾತಿನಲ್ಲಿ ತೂಕವಿತ್ತು. 1932ರಲ್ಲಿ ಜಪಾನೀಯರು ಮಂಚೂರಿಯಾದಲ್ಲಿ ಕಟ್ಟಿದ ಗೊಂಬೆ ರಾಜ್ಯಕ್ಕೆ ಪೂಯಿ ಮುಖ್ಯಸ್ಥನಾದ, 1934ರಲ್ಲಿ ಅಲ್ಲೇ ಚಕ್ರವರ್ತಿಯೂ ಆದ. ಬದುಕಿರುವ ಮನುಷ್ಯರ ಮೇಲೆ ರೋಗಾಣುಗಳ ಪ್ರಯೋಗ ನಡೆಸಿದ ಜಪಾನಿ ಸೇನೆಯ 731ನೇ ಘಟಕ ಇದ್ದದ್ದು ಆ ರಾಜ್ಯದ ಹಾರ್ಬಿನ್ ಊರಿನ ಪಕ್ಕದಲ್ಲಿ. ಸಿನಿಮಾದಲ್ಲಿ ಜಪಾನಿನ ಕ್ರೌರ್ಯಗಳು ಬರುವುದು, ಮುಂದೆ ಪೂಯಿ ಇದ್ದ ಸೆರೆಮನೆಯಲ್ಲಿ ಕೈದಿಗಳಿಗೆ ತೋರಿಸುವ ಸುದ್ದಿಚಿತ್ರವಾಗಿ. ಅದರಲ್ಲಿ ನಾನ್‌ಜಿಂಗ್ ಹತ್ಯಾಕಾಂಡದ ಭಾಗ ಸುಮಾರು ಅರ್ಧ ನಿಮಿಷ. ಆ ಅರ್ಧ ನಿಮಿಷವೂ ಜಪಾನಿನ ವಿತರಕರಿಗೆ ಹೆಚ್ಚೆನಿಸಿ, ನಿರ್ದೇಶಕರನ್ನು ಕೇಳದೆಯೇ ಕತ್ತರಿ ಹಾಕಿದರು. ಬರ್ತೊಲುಚ್ಚಿ ಸಿಟ್ಟಿಗೆದ್ದರು, ವಿತರಕರು ಕ್ಷಮೆ ಕೇಳಿ ತುಣುಕನ್ನು ಮತ್ತೆ ಸೇರಿಸಬೇಕಾಯಿತು.

ಅಡುಗೆಮನೆಯಿಂದ ಕಾಫಿ ಲೋಟಗಳ ತಟ್ಟೆ ಹಿಡಿದು ಬಂದ ಮನೆಯೊಡತಿ, ಮೈಸೂರಿನವರು, ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಅದೆಲ್ಲ ಸರಿಯಪ್ಪ, ಆ ಹುಡುಗಿ ಏನಾದ್ಲು?" ಅವರು ಕೇಳಿದ್ದು ಪೂಯಿಯ ಪಟ್ಟದರಸಿ ವಾನ್‌ರೊಂಗ್ ಬಗ್ಗೆ. ಸಿನಿಮಾದಲ್ಲಿ ಆಕೆ ಅಫೀಮಿನಲ್ಲಿ ಕರಗುತ್ತ ಹೋಗಿ, ಹಿಂತಿರುಗಿ ಬಂದಾಗ ಗುರುತೂ ಸಿಗದಂತಾಗಿ, ಒಂದು ಬಾಗಿಲಾಚೆ ಮರೆಯಾಗುತ್ತಾಳೆ. ನಿಜದಲ್ಲಿ ಆಕೆ 1946ರಲ್ಲಿ ಯಾನ್‌ಜಿಯ ಸೆರೆಮನೆಯೊಂದರಲ್ಲಿ, ಅಫೀಮು ಸಿಗದೆ, ಅನ್ನ ಸರಿಯಾಗಿ ಸಿಗದೆ ಸತ್ತಳು. ನಲವತ್ತು ತುಂಬಿರಲಿಲ್ಲ. ಸೆರೆಯಲ್ಲಿದ್ದ ಗಂಡನಿಗೆ 1959ರಲ್ಲಿ ಕ್ಷಮೆ ಸಿಕ್ಕಿತು, ಬೀಜಿಂಗಿನ ಸಸ್ಯೋದ್ಯಾನದಲ್ಲಿ ಕೆಲಸ ಸಿಕ್ಕಿತು, ಆತ್ಮಕಥೆ ಪ್ರಕಟವಾಯಿತು, ಒಂಬತ್ತು ಆಸ್ಕರಿನ ಸಿನಿಮಾವೂ ಬಂತು. ಆ ಸಂಜೆ ಆಡಿದ ಮಾತುಗಳಲ್ಲಿ ಈ ತಾಯಿಯ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ದೊಡ್ಡದೆನಿಸಿತು. ಆಕೆಯೇ ಮುಂದುವರಿಸಿ, ನಮ್ಮಲ್ಲೂ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಐದು ವರ್ಷದ ಮಗುವಾಗಿದ್ದಾಗಲೇ ಕೂರಿಸಲಿಲ್ಲವೇ ಎಂದರು. ಹೌದು, 1799ರ ಜೂನ್ 30. ಟಿಪ್ಪು ಬಿದ್ದು ಎರಡು ತಿಂಗಳೂ ಆಗಿರಲಿಲ್ಲ. ಬೆಳೆದ ಮೇಲೆ 1831ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವರ ಕೈಯಿಂದ ಆಡಳಿತ ಕಿತ್ತುಕೊಂಡಿತು. ಉಳಿದ ಮೂವತ್ತೇಳು ವರ್ಷವನ್ನು ಅವರು ಗ್ರಂಥ, ಚಿತ್ರ, ಸಂಗೀತ, ಚದುರಂಗದ ಬಂಧಗಳಲ್ಲಿ ಕಳೆದರು. ಅವರ ಮೇಲೆ ಯಾರೂ ಸಿನಿಮಾ ಮಾಡಿದ್ದು ನಾನು ಕಂಡಿಲ್ಲ.

ನಾಲ್ಕು ಜನ, ನಾಲ್ಕು ಅಭಿಪ್ರಾಯ. ಯಾರೂ ದನಿ ಎತ್ತರಿಸಲಿಲ್ಲ, ಯಾರೂ ಎದ್ದು ಹೋಗಲಿಲ್ಲ. ದೂರದ ಚೀನಾದ ಅರಸನ ಬಗ್ಗೆ ನಾವು ಎಷ್ಟು ತಾಳ್ಮೆಯಿಂದ ಮಾತಾಡುತ್ತೇವೆ! ಆತ ಹೇಡಿಯೂ ಹೌದು, ಪಾಪದವನೂ ಹೌದು, ತಪ್ಪಿತಸ್ಥನೂ ಹೌದು ಎಂದು ಒಂದೇ ಉಸಿರಿನಲ್ಲಿ ಹೇಳಬಲ್ಲೆವು. ಇದೇ ತಾಳ್ಮೆ ನಮ್ಮ ನೆಲದ ಅರಸರ ವಿಷಯಕ್ಕೆ ಬಂದಾಗ ಎಲ್ಲಿಗೆ ಹೋಗುತ್ತದೆ?

ಈ ದೆಹಲಿಯಲ್ಲೇ ಒಬ್ಬ ಕೊನೆಯ ಚಕ್ರವರ್ತಿ ಇದ್ದ. ಬಹಾದುರ್ ಷಾ ಜಫರ್ 1837ರಲ್ಲಿ ಪಟ್ಟಕ್ಕೆ ಬಂದಾಗ ಅರವತ್ತು ದಾಟಿತ್ತು. ಆಳಲು ಉಳಿದದ್ದು ಕೆಂಪುಕೋಟೆಯ ಗೋಡೆಗಳೊಳಗಿನ ಜಾಗ, ಬದುಕಲು ಕಂಪನಿ ಕೊಡುವ ಪಿಂಚಣಿ. ಬೀಜಿಂಗಿನಲ್ಲಿ ಮಗುವಿಗೆ ಆದದ್ದು ಇಲ್ಲಿ ಮುದುಕನಿಗಾಯಿತು. 1857ರ ಮೇ 11ರಂದು ಮೀರತ್ತಿನಿಂದ ಬಂದ ಸಿಪಾಯಿಗಳು ಆತನನ್ನು ಮುಂದಿಟ್ಟುಕೊಂಡರು. ಸೆಪ್ಟೆಂಬರಿನಲ್ಲಿ ಊರು ಬಿದ್ದಾಗ ಹುಮಾಯೂನನ ಗೋರಿಯಲ್ಲಿ ಅಡಗಿದ್ದ ಆತನನ್ನು ಬ್ರಿಟಿಷ್ ಸೇನಾಧಿಕಾರಿ ಹಾಡ್ಸನ್ ಹಿಡಿದ. ಸೆಪ್ಟೆಂಬರ್ 22ರಂದು ಜಫರನ ಇಬ್ಬರು ಮಕ್ಕಳನ್ನೂ ಒಬ್ಬ ಮೊಮ್ಮಗನನ್ನೂ ಇಂದಿನ ಖೂನೀ ದರ್ವಾಜಾದ ಬಳಿ ಬಟ್ಟೆ ಬಿಚ್ಚಿಸಿ ಗುಂಡಿಕ್ಕಿದ. ಮರುವರ್ಷದ ಜನವರಿ 27ರಿಂದ ಮಾರ್ಚ್ 9ರವರೆಗೆ ಚಕ್ರವರ್ತಿಯ ವಿಚಾರಣೆ ನಡೆಯಿತು. ನಡೆದದ್ದು ಆತನದೇ ದಿವಾನ್-ಎ-ಖಾಸ್‌ನಲ್ಲಿ. ಎಂಬತ್ತೆರಡರ ಮುದುಕ ಶಾಲು ಹೊದ್ದು ನಡುನಡುವೆ ತೂಕಡಿಸುತ್ತಿದ್ದನಂತೆ. ಆ ವರ್ಷ ತೆಗೆದ ಒಂದು ಫೋಟೊ ಉಳಿದಿದೆ. ಮಂಚದ ಮೇಲೆ ದಿಂಬಿಗೆ ಒರಗಿದ್ದಾನೆ, ಹುಕ್ಕಾದ ಕೊಳವೆ ಪಕ್ಕದಲ್ಲಿದೆ, ಕಣ್ಣು ಗುಳಿಬಿದ್ದಿದೆ. ಮೊಗಲ್ ಚಕ್ರವರ್ತಿಯೊಬ್ಬ ಕ್ಯಾಮೆರಾ ಮುಂದೆ ಸಿಕ್ಕ ಚಿತ್ರ ನಾನು ಕಂಡದ್ದು ಇದೊಂದೇ, ಅದೂ ಕೈದಿಯಾಗಿ. ಅಲ್ಲಿಂದ ರಂಗೂನಿಗೆ ಗಡೀಪಾರು. 1862ರ ನವೆಂಬರ್ 7ರಂದು ತೀರಿಕೊಂಡಾಗ ಅದೇ ದಿನ ಗುರುತು ಉಳಿಯದಂತೆ ಹೂಳಿದರು. ಗೋರಿ ಸಿಕ್ಕಿದ್ದು 1991ರಲ್ಲಿ.

ಅರಮನೆ, ಗೊಂಬೆಯಾದ ದೊರೆ, ಸುತ್ತ ರಕ್ತ, ತನ್ನದೇ ಸಭಾಂಗಣದಲ್ಲಿ ಅಪರಾಧಿಯಾಗಿ ನಿಂತ ಚಕ್ರವರ್ತಿ. ಬರ್ತೊಲುಚ್ಚಿಗೆ ಸಿಕ್ಕ ಕಥೆಗಿಂತ ಇದು ಯಾವುದರಲ್ಲಿ ಕಡಿಮೆ? 1960ರಲ್ಲಿ 'ಲಾಲ್ ಕಿಲಾ' ಎಂಬ ಹಿಂದಿ ಸಿನಿಮಾ ಬಂತು. ಜನರ ಬಾಯಲ್ಲಿ ಉಳಿದದ್ದು ಅದರಲ್ಲಿ ರಫಿ ಹಾಡಿದ ಗಜಲುಗಳು. ಎಂಬತ್ತರ ದಶಕದಲ್ಲಿ ದೂರದರ್ಶನದ ಧಾರಾವಾಹಿಯೊಂದರಲ್ಲಿ ಅಶೋಕ್ ಕುಮಾರ್ ಜಫರ್ ಆಗಿದ್ದರು. ಅವೆರಡನ್ನು ಬಿಟ್ಟರೆ, ಆ ಮುದುಕನನ್ನು ನಡುವಿಟ್ಟು ನಿಧಾನವಾಗಿ ನೋಡಿದ ದೊಡ್ಡ ಚಿತ್ರವೊಂದು ನಮ್ಮಲ್ಲಿಲ್ಲ. ಅಂಥದ್ದು ಬಂದರೆ 1857ರ ಮೇ 16ರಂದು ಕೋಟೆಯೊಳಗೆ ಕೊಂದ ಐವತ್ತಕ್ಕೂ ಹೆಚ್ಚು ಯುರೋಪಿಯನ್ ಸೆರೆಯಾಳುಗಳನ್ನು, ಅವರಲ್ಲಿ ಬಹುಪಾಲು ಹೆಂಗಸರು ಮಕ್ಕಳು, ತೋರಿಸಲೇಬೇಕು. ಬ್ರಿಟಿಷರು ಊರು ಗೆದ್ದ ಮೇಲೆ ಬೀದಿಬೀದಿಯಲ್ಲಿ ಕೊಂದ ದೆಹಲಿಯವರನ್ನೂ ತೋರಿಸಲೇಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಬಿಟ್ಟರೆ ಆ ಧಾರವಾಡದ ಹುಡುಗನ ಪ್ರಶ್ನೆ ಇಲ್ಲೂ ಏಳುತ್ತದೆ. ಎರಡನ್ನೂ ತೋರಿಸಿದರೆ ಎರಡೂ ಕಡೆಯವರು ಕೋಪಗೊಳ್ಳುತ್ತಾರೆ. ಯಾವ ನಿರ್ಮಾಪಕ ಕೈಹಾಕುತ್ತಾನೆ?

ಆ ಅಂಜಿಕೆಗೆ ಕಾರಣ ಹುಡುಕಿ ದೂರ ಹೋಗಬೇಕಾಗಿಲ್ಲ. 2018ರ ಜನವರಿ 25ರಂದು 'ಪದ್ಮಾವತ್' ತೆರೆಗೆ ಬಂತು. ಕೆಲವು ರಾಜ್ಯಗಳು ಹೇರಿದ್ದ ನಿಷೇಧವನ್ನು ಸುಪ್ರೀಂ ಕೋರ್ಟು ಇದೇ ಊರಿನಲ್ಲಿ ಒಂದು ವಾರ ಮೊದಲು ತಡೆದಿತ್ತು. ಬಿಡುಗಡೆಯ ಹಿಂದಿನ ದಿನ ಗುರುಗ್ರಾಮದಲ್ಲಿ ಶಾಲೆಯ ಬಸ್ಸೊಂದರ ಮೇಲೆ ಚಿತ್ರವನ್ನು ವಿರೋಧಿಸಿದವರ ಕಲ್ಲುಗಳು ಬಿದ್ದವು. ಗಾಜು ಒಡೆಯುವಾಗ ಮಕ್ಕಳು ಸೀಟುಗಳ ನಡುವೆ ನೆಲಕ್ಕೆ ಕುಕ್ಕರಿಸಿ ಅಳುತ್ತಿದ್ದ ವಿಡಿಯೊ ಅಂದು ರಾತ್ರಿ ಎನ್‌ಸಿಆರ್‌ನ ಮನೆಮನೆಯಲ್ಲೂ ಓಡಿತು. ಕಲ್ಲೆಸೆದವರು ಸಿನಿಮಾ ನೋಡಿರಲಿಲ್ಲ. ನೋಡಿ ಬೇಸರಗೊಂಡವರ ಆಕ್ಷೇಪಗಳು ಬೇರೆ ಇದ್ದವು, ಅವು ಕೇಳುವಂಥವೇ ಆಗಿದ್ದವು: ದೆಹಲಿಯ ಸುಲ್ತಾನ ಅಲ್ಲಾವುದ್ದೀನ್ ಖಿಲ್ಜಿಯನ್ನು ಮಾಂಸ ಹರಿದು ತಿನ್ನುವ ಮೃಗದಂತೆ ಏಕೆ ತೋರಿಸಿದಿರಿ? ಹೆಂಗಸರು ಸಾಲಾಗಿ ಬೆಂಕಿಗೆ ನಡೆಯುವುದನ್ನು ಇಷ್ಟು ಚೆಂದ ಮಾಡಿ ಏಕೆ ತೋರಿಸಿದಿರಿ? ಈ ಪ್ರಶ್ನೆಗಳನ್ನು ಗದ್ದಲ ನುಂಗಿತು.

ಖಿಲ್ಜಿಯ ವಿಷಯದಲ್ಲಿ ಕನ್ನಡಿಗರಿಗೂ ಹಳೆಯ ನೋವಿದೆ. ಆತನ ದಂಡನಾಯಕ ಮಲಿಕ್ ಕಾಫೂರ್ 1311ರ ಹೊತ್ತಿಗೆ ದ್ವಾರಸಮುದ್ರದವರೆಗೆ, ಇಂದಿನ ಹಳೇಬೀಡಿನವರೆಗೆ, ಬಂದು ಮೂರನೆಯ ಬಲ್ಲಾಳನನ್ನು ಮಣಿಸಿ ಕೊಳ್ಳೆ ಹೊತ್ತುಕೊಂಡು ಹೋದ. ಹಳೇಬೀಡು ಎಂದಾಗ ನಮ್ಮೊಳಗೆ ಏನೋ ಮುರಿಯುತ್ತದೆ. ಅದೇ ಸುಲ್ತಾನ ದೆಹಲಿಯಲ್ಲಿ ಧಾನ್ಯದ ಬೆಲೆ ಕಟ್ಟಿಹಾಕಿದ, ಮೊಂಗೋಲರ ದಾಳಿಗಳನ್ನು ಹಿಮ್ಮೆಟ್ಟಿಸಿದ, ಇಂದು ಹೌಜ್ ಖಾಸ್ ಎಂದು ಕರೆಯುವ ಕೆರೆ ತೋಡಿಸಿದ. ಆತ ಕಟ್ಟಿಸಿದ ಸಿರಿ ಕೋಟೆಯ ಹೆಸರನ್ನೇ ಹೊತ್ತ ಸಭಾಂಗಣದಲ್ಲಿ ಈ ಊರಿನವರು ವರ್ಷಗಟ್ಟಲೆ ಜಗತ್ತಿನ ಸಿನಿಮಾಗಳನ್ನು ನೋಡಿದ್ದಾರೆ. ಕೊಳ್ಳೆ ಹೊಡೆದ ಕೈ, ಕೆರೆ ತೋಡಿಸಿದ ಕೈ ಎರಡೂ ಆತನವೇ. ಎರಡನ್ನೂ ಕಾಣಿಸುವ ಚಿತ್ರಕ್ಕಾಗಿ ನಾನು ಕಾಯುತ್ತೇನೆ.

ಅದು ಆಗುವ ಕೆಲಸವೇ ಎಂದು ಸಂಶಯ ಬಂದಾಗ ನನಗೆ ನೆನಪಾಗುವುದು ಗಿರೀಶ ಕಾರ್ನಾಡರು. 1964ರಲ್ಲಿ, ಇಪ್ಪತ್ತಾರರ ಹರೆಯದಲ್ಲಿ, ಅವರು 'ತುಘಲಕ್' ನಾಟಕ ಪ್ರಕಟಿಸಿದರು. ದೆಹಲಿಯ ಸುಲ್ತಾನನ ಮೇಲೆ, ಕನ್ನಡದಲ್ಲಿ. ಮುಹಮ್ಮದ್ ಬಿನ್ ತುಘಲಕ್ ನಮಗೆ ಯಾರೋ ದೂರದವನಲ್ಲ. 1327ರ ಹೊತ್ತಿಗೆ ಕಂಪಿಲಿಯನ್ನು ಮಣ್ಣುಪಾಲು ಮಾಡಿದ ಸೇನೆ ಆತನದು; ಕುಮಾರರಾಮನ ಕಥೆ ಹಾಡಿಕೊಂಡು ಬಂದ ಗಂಗಾವತಿ, ಕುಮ್ಮಟದುರ್ಗದ ಸೀಮೆಗೆ ಆತ ಹಗೆ. ಅಂಥವನನ್ನು ಒಬ್ಬ ಕನ್ನಡಿಗ ಎತ್ತಿಕೊಂಡು, ಕನಸುಗಾರನೂ ಕೊಲೆಗಾರನೂ ಆಗಿ, ರಾತ್ರಿ ನಿದ್ದೆ ಬಾರದ ಮನುಷ್ಯನಾಗಿ ನಿಲ್ಲಿಸಿದರು. ಬಿ.ವಿ. ಕಾರಂತರು ಅದನ್ನು ಹಿಂದುಸ್ತಾನಿಗೆ ತಂದರು. ಎಪ್ಪತ್ತರ ದಶಕದಲ್ಲಿ ಇಬ್ರಾಹಿಂ ಅಲ್ಕಾಜಿ ಪುರಾನಾ ಕಿಲಾದ ಪಾಳುಗೋಡೆಗಳ ನಡುವೆ ಆಡಿಸಿದರು. ಮನೋಹರ್ ಸಿಂಗ್ ಸುಲ್ತಾನರಾದರು. 2012ರಲ್ಲಿ ಭಾನು ಭಾರತಿ ಅದನ್ನು ಫಿರೋಜ್ ಷಾ ಕೋಟ್ಲಾದ ಅವಶೇಷಗಳಲ್ಲಿ ಮತ್ತೆ ಕಟ್ಟಿದರು. ದೆಹಲಿಯ ಜನ ಬಯಲಲ್ಲಿ ಕೂತು ತಮ್ಮದೇ ಊರಿನ ಅರಸನನ್ನು ನೋಡಿದರು. ಕೆಲವರಿಗೆ ನೆಹರೂ ಕಾಲದ ಮುರಿದ ಕನಸು ಕಂಡಿತು, ಕೆಲವರಿಗೆ ಹುಚ್ಚು ಕಂಡಿತು. ಮಾತಿಗೆ ಮಾತು ಬೆಳೆಯಿತು, ಕಲ್ಲಿಗೆ ಯಾರೂ ಕೈಹಾಕಲಿಲ್ಲ.

ಈ ತುಘಲಕನಿಗೆ ಚೀನಾದ ನಂಟೂ ಇತ್ತು, ಹೇಳದೆ ಬಿಡಲು ಮನಸ್ಸಿಲ್ಲ. ಚೀನಾದ ಚಕ್ರವರ್ತಿಯ ದೂತರು ಕಾಣಿಕೆ ಹೊತ್ತು ದೆಹಲಿಗೆ ಬಂದಾಗ, ಮರುಕಾಣಿಕೆ ಕೊಟ್ಟು 1342ರಲ್ಲಿ ಸುಲ್ತಾನ ಕಳಿಸಿದ್ದು ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತನನ್ನು. ಹೊರಟು ಸ್ವಲ್ಪ ದಿನಕ್ಕೇ ಇಂದಿನ ಅಲಿಗಢದ ಬಳಿ ದರೋಡೆಕೋರರ ಕೈಗೆ ಸಿಕ್ಕಿ ಬದುಕಿದ. ಕಲ್ಲಿಕೋಟೆಯಲ್ಲಿ ಕಾಣಿಕೆ ತುಂಬಿದ ಹಡಗು ಒಡೆಯಿತು. ಸುಲ್ತಾನನಿಗೆ ಮುಖ ತೋರಿಸಲು ಹೆದರಿ ನಮ್ಮ ಹೊನ್ನಾವರಕ್ಕೆ ಬಂದು ಅಲ್ಲಿನ ದೊರೆಯ ಬಳಿ ಉಳಿದ. ಆ ಊರಲ್ಲಿ ಹೆಣ್ಣುಮಕ್ಕಳಿಗಾಗಿ ಹದಿಮೂರು ಶಾಲೆ ಕಂಡೆನೆಂದು ಬರೆದಿಟ್ಟ. ಚೀನಾದಲ್ಲಿ ಆಗ ಪಟ್ಟದಲ್ಲಿದ್ದವನು ಯುವಾನ್ ವಂಶದ ತೊಗೊನ್ ತೆಮೂರ್. ಬೀಜಿಂಗಿನಿಂದ ಆಳಿದ ಆ ವಂಶದ ಕೊನೆಯವನು.

ಚೀನಾದವರೂ ತಮ್ಮ ಅರಸರ ಮೇಲೆ ಒಂದೇ ಅಭಿಪ್ರಾಯಕ್ಕೆ ಬಂದವರಲ್ಲ. ಕ್ರಿಸ್ತಪೂರ್ವ 221ರಲ್ಲಿ ದೇಶವನ್ನು ಒಂದುಗೂಡಿಸಿ ಮೊದಲ ಚಕ್ರವರ್ತಿಯಾದ ಚಿನ್ ದೊರೆಯ ಮೇಲೆ ಚೆನ್ ಕೈಗೆ 1998ರಲ್ಲಿ 'ದಿ ಎಂಪರರ್ ಆ್ಯಂಡ್ ದಿ ಅಸಾಸಿನ್' ಮಾಡಿದರು. ಅದರಲ್ಲಿ ದೊರೆ ಗೆಲ್ಲುತ್ತ ಗೆಲ್ಲುತ್ತ ಒಳಗೆ ಕೊಳೆಯುತ್ತಾನೆ. ನಾಲ್ಕು ವರ್ಷಕ್ಕೆ ಜಾಂಗ್ ಈಮೌ ಅದೇ ದೊರೆಯ ಮೇಲೆ 'ಹೀರೋ' ತೆಗೆದರು. ಕೊಲ್ಲಲು ಹತ್ತು ಹೆಜ್ಜೆಯವರೆಗೆ ಬಂದವನು, ಈತ ಬದುಕಿದರೆ ಯುದ್ಧಗಳು ನಿಂತಾವು ಎಂದು ಕೈ ತಡೆಯುತ್ತಾನೆ. ಇದು ಸರ್ವಾಧಿಕಾರಕ್ಕೆ ಹೊಡೆದ ಸಲಾಮು ಎಂದು ಹಲವರು ಬೈದರು, ಶಾಂತಿಗಾಗಿ ಮಾಡಿದ ತ್ಯಾಗ ಎಂದು ಹಲವರು ಹೊಗಳಿದರು. ನಾನು ಬೈದವರ ಕಡೆ. ಆ ಸಿನಿಮಾದ ಬಣ್ಣಕ್ಕೆ ಸೋತಿದ್ದೇನೆ, ಅದರ ತೀರ್ಪಿಗೆ ಒಪ್ಪಿಗೆ ಕೊಡಲಾರೆ. ಹೀಗೆ ಹೇಳುವ ಹಕ್ಕು ನನಗೆ ಬಂದದ್ದು ಕಡೆಯ ದೃಶ್ಯದವರೆಗೆ ಕೂತಿದ್ದರಿಂದ.

ಜಫರನ ಸಿನಿಮಾವನ್ನು ಯಾರಾದರೂ ಮಾಡಲಿ. ಬೀಜಿಂಗ್ ತನ್ನ ಅರಮನೆಯನ್ನು ಬಿಟ್ಟುಕೊಟ್ಟಂತೆ ದೆಹಲಿಯೂ ಕೆಂಪುಕೋಟೆಯನ್ನು ಬಿಟ್ಟುಕೊಡಲಿ. 1857ರ ನಂತರ ಬ್ರಿಟಿಷರು ಒಳಗಿನ ಅರಮನೆಯ ಬಹುಭಾಗ ಕೆಡವಿ ಬ್ಯಾರಕ್ಕು ಕಟ್ಟಿದರು. ಸೈನ್ಯ ಅಲ್ಲಿಂದ ಪೂರ್ತಿ ಹೊರಬಿದ್ದದ್ದು 2003ರಲ್ಲಿ. ಆದರೂ ದಿವಾನ್-ಎ-ಖಾಸ್ ನಿಂತಿದೆ, ವಿಚಾರಣೆಯ ದೃಶ್ಯವನ್ನು ಅಲ್ಲೇ ತೆಗೆಯಬಹುದು. ಮೆಹ್ರೌಲಿಯ ಜಫರ್ ಮಹಲ್‌ನಲ್ಲಿ ತನ್ನ ಗೋರಿಗೆಂದು ಆತ ಇಟ್ಟುಕೊಂಡಿದ್ದ ಜಾಗ ಇನ್ನೂ ಖಾಲಿ ಇದೆ, ಅದನ್ನೂ ತೋರಿಸಲಿ. ಗಂಡನ ಜೊತೆ ರಂಗೂನಿಗೆ ಹೋಗಿ, ಆತನ ನಂತರ ಇಪ್ಪತ್ತಕ್ಕೂ ಹೆಚ್ಚು ವರ್ಷ ಅಲ್ಲೇ ಬದುಕಿ 1886ರಲ್ಲಿ ತೀರಿಕೊಂಡ ಜೀನತ್ ಮಹಲ್‌ಳನ್ನು ಬಾಗಿಲಾಚೆ ಮರೆಮಾಡದಿರಲಿ. ಮೊದಲ ಆಟವನ್ನು ಆಸಫ್ ಅಲಿ ರಸ್ತೆಯ ಡಿಲೈಟ್ ಟಾಕೀಸಿನಲ್ಲಿ ನೋಡಬೇಕೆಂದು ನನ್ನ ಆಸೆ. ಅಲ್ಲಿಂದ ದಿಲ್ಲಿ ಗೇಟು ದಾಟಿದರೆ ಆತನ ಹೆಸರಿನದೇ ರಸ್ತೆ, ಖೂನೀ ದರ್ವಾಜಾ ಇರುವುದು ಆ ರಸ್ತೆಯಲ್ಲೇ, ಪತ್ರಿಕೆಗಳ ಕಚೇರಿಗಳೂ ಅಲ್ಲೇ. ಆಟ ಬಿಟ್ಟ ಮೇಲೆ ಸಮೋಸ ಹಿಡಿದು ಫುಟ್‌ಪಾತಿನಲ್ಲಿ ನಿಲ್ಲುವವರು ಏನು ಹೇಳುತ್ತಾರೋ, ಬೈಯುವವರನ್ನೂ ಸೇರಿಸಿ ಕೇಳಿಸಿಕೊಂಡು ಬಂದು ಬರೆಯುತ್ತೇನೆ.